ಸೋಮವಾರ, ಬೆಳಗಿನ ಜಾವ ಮೂರೂ ನಲವತ್ತು

ಚಿತ್ರದುರ್ಗ
12 ನವೆಂಬರ್ 2009, ಗುರುವಾರ

ಗೆಳೆಯ ಸಾದಿಕ್‌ಗೆ, ಕಾಂತನ ಸಲಾಂ.

ಕಾಗದದ ಮೇಲ್ತುದಿಯಲ್ಲಿ ಶ್ರೀ ಬರೆದಿಲ್ಲ ಎಂಬುದನ್ನು ನೀನು ಎಲ್ಲಕ್ಕಿಂತ ಮೊದಲು ನೋಡಿರುತ್ತೀಯ. ಮರೆತು ಬಿಟ್ಟದ್ದಲ್ಲ. ಯಾಕೆ ಬಿಟ್ಟೆ ಎಂದು ಹೇಳುವುದಕ್ಕೇ ಈ ಕಾಗದ.

ಅಂದ ಹಾಗೆ, ಲಕೋಟೆಯ ಅಂಟಿನ ಮೇಲೆ ಅಡ್ಡಲಾಗಿ ಸಹಿ ಹಾಕಿದ್ದೇನೆ. ಸಹಿ ಮುರಿದಂತೆ ಕಂಡರೆ ದಾರಿಯಲ್ಲಿ ಯಾರೋ ಬಿಚ್ಚಿ ಓದಿದ್ದಾರೆ ಎಂದು ತಿಳಿದುಕೋ. ನಗಬೇಡ. ನಲವತ್ತರ ಹತ್ತಿರ ಬಂದರೂ ಹುಟ್ಟುಗುಣ ಸುಟ್ಟರೂ ಹೋಗಲಿಲ್ಲ. ಈಗಲೂ ಮನೆಗೆ ಬೀಗ ಹಾಕಿ ಬೀದಿಯ ಕೊನೆಯವರೆಗೆ ಹೋದವನು ವಾಪಸು ಬಂದು ಬೀಗ ಎಳೆದು ನೋಡುತ್ತೇನೆ. ಹಾಲಿನವಳ ಎದುರಿಗೇ ಹಾಲಿಗೆ ಬೆರಳು ಅದ್ದುತ್ತೇನೆ. "ಹಗ್ಗ ಕಂಡ್ರೂ ಹಾವು ಅಂತೀಯಲ್ಲ, ಹೆಂಗ್ ಬಾಳ್ವೆ ಮಾಡ್ತೀಯಲೇ ನೀನು" ಎಂದು ನಮ್ಮವ್ವ ಏಕಾಂತಮ್ಮ ನಿನ್ನ ಎದುರಿಗೇ ಎಷ್ಟು ಸಲ ಬೈದಿಲ್ಲ.

ನಡೆದದ್ದು ನಿನಗೂ ಗೊತ್ತು. ಆದರೆ ನನ್ನ ಕಡೆಯಿಂದ ಅದು ಹೇಗೆ ಕಾಣುತ್ತಿತ್ತು ಎಂಬುದು ಗೊತ್ತಿಲ್ಲ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

2002ರಲ್ಲಿ ಬಸ್ ಮಾಲೀಕರಾದ ಉಗ್ರಪ್ಪನವರು ನಮ್ಮಿಬ್ಬರನ್ನೂ ಕರೆದು, ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕೂ ಊರಿನ ಏಜೆಂಟರು ಕೂತಲ್ಲೇ ಕಂಪ್ಯೂಟರಿನಲ್ಲಿ ಸೀಟು ನೋಡಿ ಬುಕ್ ಮಾಡುವಂತಾಗಬೇಕು ಎಂದಾಗ, "ಆಗುತ್ತೆ" ಎಂದವನು ನೀನು, "ಆಗುತ್ತಾ?" ಎಂದವನು ನಾನು. ಪ್ರೋಗ್ರಾಮು ಪೂರ್ತಿ ನಿನ್ನದು. ಆಫೀಸಿನ ಒಳಕೋಣೆಯಲ್ಲಿ ಸರ್ವರ್ ಕೂರಿಸಿ ನೋಡಿಕೊಳ್ಳುವುದು ನನ್ನದು. ಮೊದಲ ತಿಂಗಳು ಪಟ್ಟ ಪಾಡು ನೆನಪಿದೆಯಲ್ಲ? ಆಫೀಸಿನ ಒಳಗೆ ಸೈಟು ಚೆನ್ನಾಗಿಯೇ ತೆರೆಯುತ್ತಿತ್ತು, ಹೊರಗಿನ ಊರುಗಳಿಗೆ ಮಾತ್ರ ಕಾಣುತ್ತಿರಲಿಲ್ಲ. ನೀನು ಹಿರಿಯೂರಿನ ಏಜೆಂಟ್ ಪಂಚಾಕ್ಷರಪ್ಪನವರ ಮೇಜಿನ ಮುಂದೆ ಕೂತೆ. ನಾನು ಇಲ್ಲಿ ಒಂದೊಂದೇ ಸೆಟ್ಟಿಂಗ್ ಬದಲಿಸುತ್ತಾ ಹೋದೆ. ಅವರಿಗಿದ್ದ ಒಂದೇ ಫೋನ್ ಲೈನನ್ನು ಇಂಟರ್ನೆಟ್ ಹಿಡಿದುಕೊಂಡಿರುತ್ತಿದ್ದರಿಂದ, ಪ್ರತಿ ಸಲವೂ ನೀನು ಎದುರಿನ ಔಷಧಿ ಅಂಗಡಿಗೆ ಓಡಿ ಬಂದು ಫೋನ್ ಮಾಡಿ "ಇಲ್ಲ ಕಣಲೇ" ಎನ್ನುತ್ತಿದ್ದೆ. ಹನ್ನೊಂದನೇ ಸಲ "ಬಂತು ಕಾಂತ, ಸೀಟೆಲ್ಲಾ ಕಾಣ್ತಾವೆ" ಎಂದೆ. ಕಣ್ಣಾರೆ ನೋಡದೆ ನಾನು ಯಾರನ್ನಾದರೂ ನಂಬಿದ್ದಿದ್ದರೆ ಅದು ಆವತ್ತು ನಿನ್ನನ್ನು.

ಪ್ರತಿ ಸೋಮವಾರ ಆ ವಾರದ ಬಸ್ಸುಗಳ ಪಟ್ಟಿಯನ್ನು ಹೊಸ ಫೈಲಿನಲ್ಲಿ ಟೈಪ್ ಮಾಡಿ ಸರ್ವರಿಗೆ ಹಾಕುವುದು ನನ್ನ ಕೆಲಸವಾಗಿತ್ತು. ಅದನ್ನು ಓದಿ ಪರದೆಯ ಮೇಲೆ ಸೀಟು ಜೋಡಿಸುವುದು ನಿನ್ನ ಪ್ರೋಗ್ರಾಮಿನ ಕೆಲಸ. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಕ್ಯಾಲೆಂಡರ್ ಅಚ್ಚು ಹಾಕಿದವರ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ. ಹತ್ತು ನಿಮಿಷ ಹೆಚ್ಚಿಗೆ ಬಿಟ್ಟು ಸರಿಯಾಗಿ ಒಂಬತ್ತೂ ಹತ್ತಕ್ಕೆ ಫೈಲು ಹಾಕುತ್ತಿದ್ದೆ. "ರಾಹುಗೆ ಬಸ್ ತಪ್ಪಿದ್ರೆ ಏನ್ ಮಾಡ್ತೀಯ, ಇನ್ನೊಂದೈದ್ ನಿಮ್ಷ ಬಿಡು" ಎಂದು ನೀನು ಕಾಡಿಸುತ್ತಿದ್ದೆ.

2003ರ ಯುಗಾದಿ ಕಳೆದ ಮೊದಲ ಸೋಮವಾರ ಸೈಟು ನಿಂತಿತು. ಒಂಬತ್ತೂವರೆಯ ಹೊತ್ತಿಗೆ ಮೂರೂ ಊರಿನಿಂದ ಫೋನು. ಸೀಟುಗಳ ಜಾಗದಲ್ಲಿ ಬಿಳಿ ಪರದೆ, ಅದರ ಮೇಲೆ ಎರಡು ಸಾಲು ಇಂಗ್ಲಿಷ್. ಸರ್ವರ್ ಆರಿಸಿ ಹಚ್ಚಿದೆ. ವೈರುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಪಟ್ಟಿಯಲ್ಲಿ ಟೈಪ್ ಮಾಡಿದ್ದ ಬಸ್ಸಿನ ನಂಬರು, ಹೊರಡುವ ವೇಳೆ ಎಲ್ಲವನ್ನೂ ಐದು ಸಲ ಪರೀಕ್ಷೆ ಮಾಡಿದೆ, ಒಂದು ತಪ್ಪೂ ಸಿಗಲಿಲ್ಲ. ಕೊನೆಗೆ ಹಬ್ಬಕ್ಕೆ ಮುಂಚಿನ ಹಳೆಯ ಫೈಲನ್ನೇ ತಂದು ಹಾಕಿ, ಬದಲಾದ ಬಸ್ಸುಗಳನ್ನು ಅದರಲ್ಲೇ ತಿದ್ದಿದೆ. ಸೈಟು ಎದ್ದಿತು. ಮುಂದಿನ ಸೋಮವಾರವೂ ಇದೇ ಕಥೆ. ನೀನು ಹೊಸದುರ್ಗದ ಏಜೆನ್ಸಿಗೆ ಹೋಗಿದ್ದವನು ಮಧ್ಯಾಹ್ನ ಬಂದು, "ನೀನು ಬೆಳಿಗ್ಗೆ ಹಾಕಿದ್ ಫೈಲ್ ಒಂದ್ಸಲ ತೋರ್ಸು, ನೋಡಾಣ. ಎಲ್ಡ್ ನಿಮ್ಷದ ಕೆಲ್ಸ" ಎಂದೆ. "ಸರಿ ಹೋಗೈತೆ, ಬಿಡು" ಎಂದೆ ನಾನು.

ಯಾಕೆ ತೋರಿಸಲಿಲ್ಲ ಗೊತ್ತಾ? ಅದರ ಹಿಂದಿನ ವಾರ ಎದುರಾಳಿ ಬಸ್ ಕಂಪನಿಯ ಮ್ಯಾನೇಜರ್ ಜೊತೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನೀನು ಟೀ ಕುಡಿಯುತ್ತಾ ಕೂತಿದ್ದನ್ನು ನೋಡಿದ್ದೆ. ನನ್ನನ್ನು ಕಂಡು ನೀನು ಕೈ ಎತ್ತಿದೆ. ಕಳ್ಳನಾದವನು ಹಾಗೆ ಕೈ ಎತ್ತುವುದಿಲ್ಲ ಎಂದು ಬೇರೆಯವರಾದರೆ ಯೋಚಿಸುತ್ತಿದ್ದರು. ನಾನು, ಎಷ್ಟು ಪಕ್ಕಾ ಇದ್ದಾನೆ ನೋಡು, ಎಂದುಕೊಂಡೆ.

ಮೂರನೇ ಸೋಮವಾರ ಲಾಗ್ ಫೈಲು ತೆರೆದೆ. ಸರ್ವರಿಗೆ ಯಾರು, ಎಲ್ಲಿಂದ, ಎಷ್ಟು ಹೊತ್ತಿಗೆ ಬಂದರು ಎಂದು ಅದು ತಾನೇ ಒಂದೊಂದು ಸಾಲು ಬರೆದಿಟ್ಟುಕೊಳ್ಳುತ್ತದಲ್ಲ, ಅದು. ಮೂರೂ ಸೋಮವಾರ ಒಂದೇ ಸಾಲು: ಬೆಳಗಿನ ಜಾವ ಮೂರೂ ನಲವತ್ತು, ಸಾದಿಕ್, ಹೊಸ ಫೈಲು ಹಾಕಿದ್ದಾನೆ. ಅದರ ಮುಂದೆ ಬರೀ ತಪ್ಪಿನ ಸಾಲುಗಳು. ಬಂದ ಜಾಗ ಯಾವುದು ಎಂದು ನೋಡಿದರೆ ನಮ್ಮ ಸರ್ವರಿನದೇ ವಿಳಾಸ. ಅಂದರೆ ನೀನು ನಿನ್ನ ಬಳಿಯಿದ್ದ ಬೀಗದ ಕೈಯಲ್ಲೇ ಬಾಗಿಲು ತೆಗೆದು, ಆಫೀಸಿನ ಒಳಗೇ ಬಂದು ಕೂತು ಈ ಕೆಲಸ ಮಾಡಿದ್ದೀಯ.

ಅನುಮಾನಕ್ಕೆ ಹೊಟ್ಟೆ ದೊಡ್ಡದು ಸಾದಿಕ್, ಒಬ್ಬನನ್ನು ನುಂಗಿದರೆ ತುಂಬುವುದಿಲ್ಲ. ಕಾವಲುಗಾರ ಹನುಮಂತಪ್ಪನನ್ನು ಕೇಳಿದೆ. "ಒಂದ್ ನಾಯೀನೂ ಒಳಗ್ ಬಂದಿಲ್ಲ ಸ್ವಾಮಿ" ಎಂದ. ಇವನಿಗೂ ಪಾಲು ಹೋಗಿದೆ ಎಂದುಕೊಂಡೆ. ಲಾಗಿನಲ್ಲಿ ಮೂರೂ ಐವತ್ತೆರಡಕ್ಕೆ ಹಿರಿಯೂರಿನಿಂದ ಪಂಚಾಕ್ಷರಪ್ಪನವರು ಸೈಟು ತೆರೆದಿದ್ದರು. ಎಂಟಕ್ಕೆ ಮುದ್ದೆ ಉಂಡು ಒಂಬತ್ತಕ್ಕೆ ಗೊರಕೆ ಹೊಡೆಯುವ ಅರವತ್ತೆರಡರ ಮನುಷ್ಯ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಯಾರಿಗೆ ಸೀಟು ಬುಕ್ ಮಾಡುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ಅವರೂ ನಿನ್ನ ಜೊತೆ ಸೇರಿದ್ದಾರೆ ಎಂದೇ ತೀರ್ಮಾನ ಮಾಡಿದೆ. ಆ ವಾರ ಎಂಟು ತಿಂಗಳ ಬಸುರಿ ಯಶೋಧಾಳಿಗೆಂದು ನಿಮ್ಮಮ್ಮ ಇಮಾಂಬೀ ಡಬ್ಬಿಯಲ್ಲಿ ಶಾವಿಗೆ ಪಾಯಸ ಕಳಿಸಿದ್ದರು. ಅದನ್ನು ಹೆಂಡತಿಗೆ ಕೊಡುವ ಮೊದಲು ನಾನು ಮೂಸಿ ನೋಡಿದೆ. ಇದನ್ನು ಯಾರಿಗೂ ಹೇಳಿಲ್ಲ.

ಆ ಮೂರನೇ ಸೋಮವಾರ ಪರದೆ ಕಾಣದೆ ಹಿರಿಯೂರಿನಲ್ಲೂ ಹೊಳಲ್ಕೆರೆಯಲ್ಲೂ ಚೀಟಿಯಲ್ಲಿ ಸೀಟು ಬರೆದುಕೊಟ್ಟು, ಒಂದೇ ಸೀಟು ಇಬ್ಬರಿಗೆ ಹೋಗಿತ್ತು. ಸೀಟು ತಪ್ಪಿದವರು ಉಗ್ರಪ್ಪನವರ ಸ್ವಂತ ಅಕ್ಕ ಮರುಳಸಿದ್ದಮ್ಮ. ಹಿರಿಯೂರಿನಿಂದ ಬೆಂಗಳೂರಿನವರೆಗೆ ಆಯಮ್ಮ ಇಂಜಿನ್ ಮೇಲೆ ಕೂತು ಹೋದರು. ಮಾರನೇ ದಿನ ಮಾಲೀಕರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡಾಗ ನಾನು ಲಾಗಿನ ಹಾಳೆ ತೆಗೆದು ಅವರ ಮುಂದೆ ಇಟ್ಟೆ. ನೀನು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದೆ. ಆಮೇಲೆ ಗೋಡೆಯ ಗಡಿಯಾರ ನೋಡಿದೆ. ಆಮೇಲೆ ನನ್ನನ್ನು.

"ಆ ಹೊತ್ನಾಗೆ ನಾನು ಮನ್ಯಾಗೆ ಮಲಗಿದ್ದೆ ಯಜಮಾನ್ರೆ" ಎಂದೆ ನೀನು. ನನ್ನ ಕಡೆ ತಿರುಗಿ, "ಕಾಂತ, ನಿಂಗೂ ಹಂಗೇ ಅನ್ಸೈತಾ?" ಎಂದೆ.

"ಹಾಳ್ಯಾಗೆ ಐತಲ್ಲ" ಎಂದೆ ನಾನು.

ನೀನು ಬೀಗದ ಕೈ ಮೇಜಿನ ಮೇಲಿಟ್ಟು, ಹೊರಗೆ ಚಪ್ಪಲಿ ಮೆಟ್ಟುತ್ತಾ, "ಸೋಮಾರ ಫೈಲ್ ಹಾಕಾವಾಗ ಮೇಲಿನ ಸಾಲು ಒಂದ್ಸಲ ನೋಡ್ಕಳಪ್ಪ" ಎಂದೆ. ಹೋಗುವಾಗಲೂ ಬೆದರಿಕೆ ಹಾಕಿ ಹೋದ ಎಂದು ನಾನು ಮಾಲೀಕರಿಗೆ ಹೇಳಿದೆ. ಸಂಜೆಯೊಳಗೆ ಬಸ್‌ಸ್ಟ್ಯಾಂಡಿನ ತುಂಬಾ ನೀನು ಕಳ್ಳನಾದೆ. ನಾಲ್ಕು ತಾಲ್ಲೂಕಿನಲ್ಲಿ ಯಾರೂ ನಿನಗೆ ಕಂಪ್ಯೂಟರ್ ಕೆಲಸ ಕೊಡಲಿಲ್ಲ.

ನಾನು ಬೀಗ ಬದಲಿಸಿದೆ. ಮುಂದಿನ ಸೋಮವಾರ ಒಂಬತ್ತೂ ಹತ್ತಕ್ಕೆ ಫೈಲು ಹಾಕಿದೆ. ಸೈಟು ಮತ್ತೆ ನಿಂತಿತು. ಲಾಗ್ ತೆರೆದರೆ ಮೂರೂ ನಲವತ್ತು, ಸಾದಿಕ್. ಏನು ಮಾಡಲೂ ತೋಚದೆ ಸೈಟಿನ ಪುಟವನ್ನು ಇನ್ನೊಂದು ಸಲ ತೆರೆದು, ಲಾಗಿನ ಕೊನೆಯ ಸಾಲು ನೋಡಿದೆ. ಅಲ್ಲಿ ನಾಲ್ಕೂ ಐವತ್ತು ಎಂದಿತ್ತು. ಗೋಡೆಯ ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಲಾಗು ಬರೆಯುತ್ತಿದ್ದದ್ದು ನಮ್ಮ ವೇಳೆಯನ್ನಲ್ಲ, ಗ್ರೀನಿಚ್ ವೇಳೆಯನ್ನು. ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ ಮೂರೂ ನಲವತ್ತು ಎಂದರೆ ನಮ್ಮ ಒಂಬತ್ತೂ ಹತ್ತು. ಆ ಕುರ್ಚಿಯಲ್ಲಿ ಆ ಹೊತ್ತಿಗೆ ಕೂತವನು ನಾನು. ಒಂಬತ್ತೂ ಹತ್ತಕ್ಕೆ ನಾನು ಫೈಲು ಹಾಕಿದ ಸಾಲು ಲಾಗಿನಲ್ಲಿ ಯಾಕಿಲ್ಲ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ನಿನ್ನ ಹೆಸರು ಯಾಕೆ ಬಂತು ಎಂಬುದೂ ಆಗ ನೆನಪಾಯಿತು. "ವಾರವಾರ ಪಾಸ್‌ವರ್ಡ್ ಹೊಡಿಯೋ ತಾಪತ್ರಯ ಯಾಕೆ, ನಂದೇ ಹಾಕಿಟ್ಟಿದೀನಿ, ತಾನೇ ಒಳಗ್ ಬಿಡ್ತೈತೆ" ಎಂದು ಮೊದಲ ವಾರವೇ ನೀನು ಹೇಳಿದ್ದೆ. ನಾನು ಮರೆತಿದ್ದೆ.

ಆಮೇಲೆ ಮೇಲಿನ ಸಾಲು ನೋಡಿದೆ. ಹೊಸ ಹಾಳೆ ಎಂದರೆ ಮೇಲೆ ಶ್ರೀ ಬರೆದೇ ಮುಂದಿನ ಮಾತು ಎಂಬುದು ನಮ್ಮಪ್ಪ ಕಲಿಸಿದ ಪಾಠ. ಕಂಪ್ಯೂಟರಿನ ಫೈಲಾದರೇನು, ನಾನು ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಎಂದು ಹೊಡೆದೇ ಪಟ್ಟಿ ಶುರು ಮಾಡುತ್ತಿದ್ದೆ. ಆ ಯುಗಾದಿಗೆ ಅವ್ವ, "ಸೊಸೆ ತುಂಬಿದ ಬಸುರಿ, ಬರೇ ಶ್ರೀ ಸಾಲ್ದು, ತಾಯಿ ಹೆಸ್ರು ಪೂರ್ತಿ ಬರಿಯಪ್ಪ" ಎಂದಳು. ಹಬ್ಬದ ನಂತರದ ಸೋಮವಾರದಿಂದ ದುರ್ಗದ ದೇವಿಯ ಹೆಸರನ್ನು ಶ್ರೀ ಏಕನಾಥೇಶ್ವರಿ ಪ್ರಸನ್ನ ಎಂದು ಪೂರ್ತಿ ಬರೆಯತೊಡಗಿದೆ. ಪಟ್ಟಿಯನ್ನು ಐದು ಸಲ ನೋಡಿದವನು ಆ ಸಾಲನ್ನು ಮಾತ್ರ ನೋಡಲಿಲ್ಲ. ದೇವರ ಹೆಸರಿನಲ್ಲಿ ಯಾರು ತಪ್ಪು ಹುಡುಕುತ್ತಾರೆ?

ಹಾಗಾದರೆ ಅಷ್ಟು ದಿನ ಬರೀ ಶ್ರೀಗೆ ಯಾಕೆ ತೊಂದರೆ ಆಗಿರಲಿಲ್ಲ ಎಂದು ನಿನ್ನ ಪ್ರೋಗ್ರಾಮು ತೆರೆದೆ. ಅಲ್ಲಿ, ಫೈಲು ಓದುವ ಜಾಗದಲ್ಲಿ, ಮನುಷ್ಯರು ಓದಲೆಂದು ನೀನು ಒಂದು ಟಿಪ್ಪಣಿ ಬರೆದಿದ್ದೆ: "ಕಾಂತ ಮೇಲೆ ಶ್ರೀ ಬರೀತಾನೆ. ಬರೀಲಿ. ಅದನ್ನ ದಾಟಿ ಮುಂದಕ್ಕೆ ಹೋಗು. ಯಾರೂ ತೆಗೀಬೇಡಿ." ಬರೀ ಶ್ರೀ ಇದ್ದರೆ ಅದು ದಾಟುತ್ತಿತ್ತು, ಪೂರ್ತಿ ಹೆಸರನ್ನು ಮಾತ್ರ ಬಸ್ಸಿನ ಸಾಲು ಎಂದು ಓದಲು ಹೋಗಿ ನಿಲ್ಲುತ್ತಿತ್ತು. ಇದನ್ನು ನೀನು ಒಂದು ದಿನವೂ ನನಗೆ ಹೇಳಿರಲಿಲ್ಲ. ಬರೆಯಬೇಡ ಎಂದೂ ಅಂದಿರಲಿಲ್ಲ.

ಆವತ್ತೇ ಮಾಲೀಕರ ಬಳಿ ಹೋಗಬೇಕಿತ್ತು. ಹೋಗಲಿಲ್ಲ. ಹೆರಿಗೆಯ ಖರ್ಚು, ಕೆಲಸ ಹೋದರೆ ಗತಿ ಏನು ಎಂಬ ಭಯ. ಮಗಳು ಹುಟ್ಟಿದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಅವಳು ನಡೆದ ಮೇಲೆ ಎಂದುಕೊಂಡೆ. ಈಗ ಅವಳು ಒಂದನೇ ಕ್ಲಾಸು.

ಸರ್ವರನ್ನು ಈಗ ಬೇರೆ ಊರಿನ ಬಾಡಿಗೆ ಕಂಪ್ಯೂಟರಿಗೆ ಸಾಗಿಸುತ್ತಿದ್ದೇವೆ. ಕಳೆದ ಸೋಮವಾರ ಹೊಸದಾಗಿ ಸೇರಿದ ಮೇಘಶ್ರೀ ಎಂಬ ಹುಡುಗಿ ನಿನ್ನ ಪ್ರೋಗ್ರಾಮು ಓದುತ್ತಾ, "ಸರ್, ಇಲ್ಲೇನೋ ಶ್ರೀ ಅಂತ ಐತೆ. ಯಾರ್ ಬರ್ದಿದ್ದು ಇದ್ನ? ತೆಗೀಲಾ?" ಎಂದಳು. ನಾನು ಎದ್ದು ಸೀದಾ ಉಗ್ರಪ್ಪನವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ಆರ್ ವರ್ಷ ಇದ್ನ ಹೊಟ್ಟ್ಯಾಗಿಟ್ಕಂಡು ಹೆಂಗ್ ಉಂಡ್ಯೋ ಮಾರಾಯ" ಎಂದರು. ನನ್ನೆದುರಿಗೇ ಮೂರೂ ಊರಿನ ಏಜೆಂಟರಿಗೆ ಫೋನ್ ಹಚ್ಚಿ, ಸಾದಿಕ್‌ದು ಏನೂ ತಪ್ಪಿಲ್ಲ ಎಂದು ಹೇಳಿದರು. ನಿನ್ನ ಅಂಗಡಿಯ ವಿಳಾಸ ಕೊಟ್ಟವರು ಹೊಳಲ್ಕೆರೆಯ ಏಜೆಂಟರು. ನನ್ನನ್ನು ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಮಾಲೀಕರು ಇನ್ನೂ ಹೇಳಿಲ್ಲ. ಏನೇ ಹೇಳಿದರೂ ಒಪ್ಪಿಕೊಳ್ಳುತ್ತೇನೆ. ಮೇಘಶ್ರೀಗೆ ಮಾತ್ರ, ಆ ಸಾಲು ಅಲ್ಲೇ ಇರಲಮ್ಮ ಎಂದಿದ್ದೇನೆ.

ಸಾದಿಕ್, ನಾನು ಪಟ್ಟ ಅನುಮಾನಗಳೆಲ್ಲ ಒಂದೊಂದಾಗಿ ಸುಳ್ಳಾದವು. ಹೋಟೆಲಿನಲ್ಲಿ ಆ ಮ್ಯಾನೇಜರ್ ಜೊತೆ ಏನು ಮಾತಾಡಿದೆ ಎಂದು ನಾನು ಇನ್ನು ಕೇಳುವುದಿಲ್ಲ. ಆದರೆ ಒಂದು ಅನುಮಾನ ಮಾತ್ರ ಉಳಿದಿದೆ. ಲಾಗು ಯಾವ ವೇಳೆ ಬರೆಯುತ್ತದೆ ಎಂಬುದು ನಿನಗೆ ಗೊತ್ತಿತ್ತು. ಸೋಮವಾರ ಒಂಬತ್ತೂ ಹತ್ತಕ್ಕೆ ಅಲ್ಲಿ ಯಾರು ಕೂರುತ್ತಾರೆ ಎಂಬುದೂ ಗೊತ್ತಿತ್ತು. ಹಾಳೆ ನೋಡಿದವನು ಗಡಿಯಾರ ನೋಡಿ, ಆಮೇಲೆ ನನ್ನನ್ನು ನೋಡಿದೆ. ಮೇಲಿನ ಸಾಲು ನೋಡಿಕೋ ಎಂದದ್ದು ಬೆದರಿಕೆಯಲ್ಲ, ರಿಪೇರಿ. ಆ ಕೋಣೆಯಲ್ಲಿ ನೀನು ಒಂದೇ ಮಾತು ಆಡಿದ್ದರೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಬೇಕಾದವನು ನಾನಾಗಿದ್ದೆ, ಮನೆಯಲ್ಲಿ ಎಂಟು ತಿಂಗಳ ಬಸುರಿಯನ್ನು ಇಟ್ಟುಕೊಂಡು. ನೀನು ಎಲ್ಲ ಗೊತ್ತಿದ್ದೇ ಬಾಯಿ ಮುಚ್ಚಿಕೊಂಡು ಹೋದ ಹಾಗಿದೆ. ಇದೊಂದು ಅನುಮಾನವಾದರೂ ಸುಳ್ಳಾಗಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ನಿಜವಾದರೆ ಅದನ್ನು ಹೊರುವ ಶಕ್ತಿ ನನಗಿಲ್ಲ.

ಈ ಕಾಗದಕ್ಕೆ ಶ್ರೀ ಬರೆಯಲು ಹೋದಾಗ ಕೈ ನಿಂತಿತು. ನೀನು ದಾಟಿಕೊಂಡು ಹೋದದ್ದು ಸಾಕು ಎನ್ನಿಸಿತು.

ಬರುವ ಸೋಮವಾರ ಚಿಕ್ಕಜಾಜೂರಿಗೆ ಬರುತ್ತೇನೆ. ಎಂಟು ಗಂಟೆಗೆ, ರಾಹುಕಾಲದಲ್ಲೇ ಹೊರಡುತ್ತೇನೆ. ಸ್ಟೇಷನ್ ಎದುರಿನ ನಿನ್ನ ಜೆರಾಕ್ಸ್ ಅಂಗಡಿಯ ಮುಂದೆ ನಿಲ್ಲುತ್ತೇನೆ. ಬಾಗಿಲು ಮುಚ್ಚಿದ್ದರೆ, ಮುಚ್ಚಿದೆ ಎಂದಷ್ಟೇ ತಿಳಿದುಕೊಳ್ಳುತ್ತೇನೆ.

ಇಮಾಂಬೀ ಅಮ್ಮನ ಪಾದಗಳಿಗೆ ನನ್ನ ನಮಸ್ಕಾರ. ನಿನ್ನ ಅಂಗಡಿಗೆ ಜನ ತುಂಬಿರಲಿ, ನಿನ್ನ ಮಕ್ಕಳಿಗೆ ನನಗಿಂತ ಒಳ್ಳೆಯ ಗೆಳೆಯರು ಸಿಗಲಿ.

ಕ್ಷಮೆ ಕೇಳುವ ಬಾಯಿಲ್ಲದ,
ನಿನ್ನ ಕಾಂತ
(ಲಕ್ಷ್ಮೀಕಾಂತ್)