ಡೆಲ್ಫಿಯಾ ಅಕ್ಕನ ಪುಟ್ಟ ಪಿಸ್ತೂಲು

ಜನವರಿ 8, ಗುರುವಾರ

ಒಲೆಗೆ ಕಲ್ಲಿದ್ದಲು ತುಂಬಿ ನನ್ನ ಬಂದೂಕು ರಿಪೇರಿ ಅಂಗಡಿ ತೆರೆದೆ. ಒಂದು ಬೇಟೆ ಬಂದೂಕಿನ ಹಿಡಿಗೆ ಎಣ್ಣೆ. ಇನ್ನೊಂದಕ್ಕೆ ಹೊಸ ಸ್ಪ್ರಿಂಗ್. ಕ್ಲೆಲ್ ಎಂದಿನಂತೆ ಬಂದು ಒಲೆ ಪಕ್ಕದ ಕುರ್ಚಿ ಹಿಡಿದ. ಗಣಿ ಬಿಟ್ಟ ಮೇಲೆ ಅವನಿಗೆ ಉಳಿದದ್ದು ಎರಡೇ ಕೆಲಸ — ನನ್ನ ಕಾಫಿ ಕುಡಿಯುವುದು, ನನ್ನ ಕೆಲಸದಲ್ಲಿ ಹುಳುಕು ಹುಡುಕುವುದು.

ಊಟದ ಹೊತ್ತಿಗೆ ಡೆಲ್ಫಿಯಾ ಅಕ್ಕ ಬಂದಳು. ಕೋಟಿನ ಜೇಬಿನಿಂದ ಪುಟ್ಟ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟಳು.

“ಮೂರು ಸಲ ಒತ್ತಿದ್ರೆ ಒಂದು ಸಲ ಹಾರುತ್ತೆ. ಸ್ವಲ್ಪ ನೋಡೋ ಆರ್ಲಿಸ್.”

“ಮಿಕ್ಕ ಎರಡು ಸಲ?” ಕ್ಲೆಲ್ ಕೇಳಿದ.

“ಟಿಕ್ ಅನ್ನುತ್ತೆ.”

“ಹಾಗಾದ್ರೆ ಕಳ್ಳನಿಗೆ ಗಂಟೆ ಎಷ್ಟಾಯ್ತು ಅಂತಾದ್ರೂ ಗೊತ್ತಾಗುತ್ತೆ ಬಿಡಕ್ಕಾ.”

ಅಕ್ಕ ನಗಲಿಲ್ಲ. ನವೆಂಬರ್‌ನಲ್ಲಿ ಅವಳು ಚರ್ಚಿಗೆ ಹೋಗಿದ್ದಾಗ ಯಾರೋ ಹಿಂಬಾಗಿಲು ಮೀಟಿದ್ದರು. ಭಾವ ಹೋಬರ್ಟ್ ಸತ್ತ ಮೇಲೂ ಅವಳು ಎತ್ತಿಟ್ಟಿದ್ದ ಅವನ ನೋವಿನ ಮಾತ್ರೆಗಳನ್ನು ನಶೆಗೆಂದು ಒಯ್ದರು. ಮಾತ್ರೆ ಹೋದರೆ ಹಾಳಾಗಲಿ, ಅವಳ ನಿದ್ದೆಯನ್ನೂ ಒಯ್ದರು. ಅಂದಿನಿಂದ ಟಿವಿ ಮುಂದಿನ ಕುರ್ಚಿಯಲ್ಲೇ ಬೆಳಗು ಮಾಡುತ್ತಾಳೆ. ಅಮ್ಮ ತೀರಿದ ಮೇಲೆ ನನ್ನನ್ನು ಸಾಕಿದವಳು. ಅವಳ ಕಣ್ಣ ಕೆಳಗಿನ ಕಪ್ಪು ನೋಡಲಾಗುತ್ತಿಲ್ಲ.

ದೊಡ್ಡ ಪಿಸ್ತೂಲು ಅವಳ ಕೈಗೆ ಆಗದು. ವಾತಕ್ಕೆ ಬೆರಳುಗಳು ಶುಂಠಿ ಗೆಡ್ಡೆಯ ಹಾಗೆ ಗಂಟು ಗಂಟಾಗಿವೆ, ಗುಂಡು ತುಂಬಲು ಮೇಲಿನ ಕಬ್ಬಿಣವನ್ನು ಹಿಂದಕ್ಕೆಳೆಯುವ ಬಲವಿಲ್ಲ. ಇದರದು ಸುಲಭ. ಪಕ್ಕದ ಕೀಲು ಒತ್ತಿದರೆ ನಳಿಗೆಯ ಹಿಂತುದಿ ತಾನೇ ಮೇಲಕ್ಕೆ ಎದ್ದುಕೊಳ್ಳುತ್ತದೆ. ಗುಂಡನ್ನು ಬೆರಳಲ್ಲಿ ಇಟ್ಟು ಮುಚ್ಚಿದರಾಯಿತು.

ಜನವರಿ 10, ಶನಿವಾರ

ತಪ್ಪು ಸಿಕ್ಕಿತು.

ದೊಡ್ಡ ಗುಂಡುಗಳಿಗೆ ಕಿಡಿಯ ಮದ್ದು ತಳದ ನಡುವೆ ಇರುತ್ತದೆ. ಈ ಚಿಕ್ಕವಕ್ಕೆ ಸುತ್ತಲಿನ ಅಂಚಿನೊಳಗೆ, ಬಾಣಲೆಯ ಅಂಚಿಗೆ ಮೆತ್ತಿದ ಹಿಟ್ಟಿನಷ್ಟು ತೆಳ್ಳಗೆ. ಪಿಸ್ತೂಲಿನ ಸೂಜಿ ಆ ಅಂಚನ್ನು ನಳಿಗೆಯ ಹಿಂದಿನ ಬಾಯಿಗೆ, ಗುಂಡು ಕೂರುವ ಕಡೆಗೆ, ಒತ್ತಿ ಜಜ್ಜಬೇಕು, ಆಗ ಕಿಡಿ. ಅಕ್ಕನ ಪಿಸ್ತೂಲಿನಲ್ಲಿ ಆ ಬಾಯಿ ಒಂದು ಕಡೆ ಹಳ್ಳ ಬಿದ್ದಿದೆ. ಸೂಜಿ ಹೊಡೆದರೂ ಒತ್ತಿ ಹಿಡಿಯಲು ಅಡಿಯಲ್ಲಿ ಗಟ್ಟಿ ಜಾಗವಿಲ್ಲ.

ಫೋನ್ ಮಾಡಿದೆ. “ಅಕ್ಕಾ, ಇದನ್ನ ಗುಂಡಿಲ್ಲದೆ ಖಾಲಿ ಒತ್ತುತ್ತಿದ್ಯಾ?”

“ಮತ್ತೆ? ದಿನಾ ಸಂಜೆ, ಟಿವಿ ನೋಡ್ತಾ. ಚರ್ಚಲ್ಲಿ ಪಿಸ್ತೂಲು ಕ್ಲಾಸ್ ತಗೊಂಡನಲ್ಲ, ಅವನೇ ಹೇಳಿದ್ದು ಪ್ರಾಕ್ಟೀಸ್ ಮಾಡಿ ಅಂತ. ಒಂದು ದಿನಾನೂ ತಪ್ಪಿಸಿಲ್ಲ ನಾನು!”

ದೊಡ್ಡ ಪಿಸ್ತೂಲಾದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇದರಲ್ಲಿ ಏಟು ತಿನ್ನಲು ಗುಂಡಿಲ್ಲದಿದ್ದರೆ ನಳಿಗೆಯೇ ತಿನ್ನುತ್ತದೆ. ಕೈ ಪಳಗಲಿ ಎಂದು ಮಾಡಿದ್ದೇ ಪಿಸ್ತೂಲಿಗೆ ಮುಳುವಾಯಿತು. ಬೈಯೋಣವೆಂದರೆ ಮನಸ್ಸು ಬರಲಿಲ್ಲ. ಅಷ್ಟು ಹೆಮ್ಮೆಯಿಂದ ಹೇಳಿದ್ದಳು.

ಜನವರಿ 13, ಮಂಗಳವಾರ

ನಳಿಗೆಯ ಬಾಯಿ ತಿದ್ದಿ ಸಮ ಮಾಡಿದೆ. ಹೊಸ ಸೂಜಿ ಹಾಕಿದೆ. ನನ್ನ ಡಬ್ಬಿಯ ಗುಂಡುಗಳನ್ನು ಹಿತ್ತಲ ಮಣ್ಣಿನ ದಿಬ್ಬಕ್ಕೆ ಪೂರಾ ಹಾರಿಸಿದೆ. ಒಂದೂ ಠುಸ್ ಆಗಲಿಲ್ಲ.

ಸಂಜೆ ಅಕ್ಕನಿಗೆ ಕೊಟ್ಟೆ. ಜೊತೆಗೆ ಎರಡು ಹಳದಿ ಪ್ಲಾಸ್ಟಿಕ್ ತುಂಡು — ಗೋಡೆಗೆ ಸ್ಕ್ರೂ ಹಾಕುವಾಗ ತೂತಿಗೆ ತುರುಕುತ್ತಾರಲ್ಲ, ಅವು. ಈ ನಳಿಗೆಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತವೆ.

“ಪ್ರಾಕ್ಟೀಸ್ ಮಾಡುವಾಗ ಒಂದನ್ನ ಒಳಗಿಡು. ಏಟು ಅದು ತಿನ್ನುತ್ತೆ. ಎರಡು ಇದಾವೆ, ಕಳ್ಕೋಬೇಡ.”

ಪಿಸ್ತೂಲಿಗೆ ಅವಳದೇ ಡಬ್ಬಿಯ ಗುಂಡು ತುಂಬಿಕೊಟ್ಟೆ. ಉಳಿದ ಒಂದು ಹಿಡಿಯನ್ನು ಅಂಗಡಿಯಲ್ಲೇ ಬಿಟ್ಟುಹೋದಳು.

“ಸರಿ ಹೋಯ್ತಾ ಹಾಗಾದ್ರೆ?”

“ಸರಿ ಹೋಯ್ತು. ನನ್ನ ಮಾತು.”

ಈ ಕಸುಬಿನಲ್ಲಿ ಆ ಮಾತು ಆಡಬಾರದು. ಇಲ್ಲಿಯ ತನಕ ಹಾರಿದೆ ಎನ್ನಬಹುದು, ಅಷ್ಟೇ. ಮುಂದಿನದು ಯಾರ ಕೈಯಲ್ಲಿದೆ? ಆದರೂ ಆಡಿದೆ. ಅವಳ ಮುಖ ನೋಡಿದರೆ ಯಾರಾದರೂ ಆಡುತ್ತಿದ್ದರು.

ಜನವರಿ 18, ಭಾನುವಾರ

ಚರ್ಚಿನ ಮೆಟ್ಟಿಲ ಮೇಲೆ ಅಕ್ಕ ನನ್ನ ತೋಳು ಹಿಡಿದಳು. “ಹಾಸಿಗೇಲಿ ಮಲಗ್ದೆ ಕಣೋ! ಬೆಳಗಾದದ್ದೇ ಗೊತ್ತಾಗ್ಲಿಲ್ಲ.”

ಅವಳ ಮನೆಯಲ್ಲೇ ಊಟ. ಬೀನ್ಸ್, ಜೋಳದ ಬ್ರೆಡ್, ಒಣ ಸೇಬಿನ ಕೇಕ್. ಅವಳ ಹರಟೆ ಕೇಳಿ ಎಷ್ಟು ಕಾಲವಾಗಿತ್ತು! ಸಂತೋಷವಾಯಿತು. ಸಂತೋಷವಾಯಿತು ಎಂದು ಬರೆಯಲು ಇಷ್ಟು ದಿನ ಕಾರಣವೇ ಸಿಕ್ಕಿರಲಿಲ್ಲ.

ಜನವರಿ 21, ಬುಧವಾರ, ಮಧ್ಯಾಹ್ನ

ತಪ್ಪು ಇನ್ನೂ ಒಂದಿತ್ತು.

ಗಿರಾಕಿ ಇರಲಿಲ್ಲ. ಅಕ್ಕ ಬಿಟ್ಟುಹೋದ ಗುಂಡುಗಳನ್ನು ಅದೇ ಅಳತೆಯ ನನ್ನ ಉದ್ದ ಬಂದೂಕಿಗೆ ಹಾಕಿ ಕ್ಲೆಲ್ ಜೊತೆ ಡಬ್ಬಕ್ಕೆ ಹೊಡೆಯುತ್ತಿದ್ದೆ. ಟಿಕ್. ಆಮೇಲೆ ಇನ್ನೊಂದು, ಟಿಕ್. ಈ ಬಂದೂಕು ಹಾಗೆ ಮಾಡುವುದೇ ಅಲ್ಲ. ಒಂದನ್ನು ಬಿಚ್ಚಿ ನೋಡಿದೆ. ಅಂಚಿನ ಒಂದು ಮಗ್ಗುಲಲ್ಲಿ ಮದ್ದೇ ಇಲ್ಲ. ಇನ್ನೊಂದು ಮಗ್ಗುಲಲ್ಲಿದೆ. ಸೂಜಿ ಎಲ್ಲಿ ಬೀಳುತ್ತದೋ ಅದರ ಮೇಲೆ ಹಣೆಬರಹ.

ಅದೇ ಡಬ್ಬಿಯ ಗುಂಡು ಅಕ್ಕನ ತಲೆದಿಂಬಿನ ಪಕ್ಕದಲ್ಲಿದೆ. ತುಂಬಿದವನು ನಾನು.

“ಹೋಗಿ ಹೇಳ್ಬಿಡು,” ಎಂದ ಕ್ಲೆಲ್.

“ಹೇಳಿದ್ರೆ ಮತ್ತೆ ಕುರ್ಚಿಗೆ ಬರ್ತಾಳೆ. ಇನ್ನು ಯಾವ ಗುಂಡನ್ನೂ ನಂಬಲ್ಲ.”

“ನಿನ್ನ ಮಾತನ್ನೂ ನಂಬಲ್ಲ ಅನ್ನು.”

ಅದೂ ನಿಜ. ಸಂಜೆ ಊಟವಾದ ಮೇಲೆ ಟಿವಿ ಮುಂದೆ ಒಂದು ಜೊಂಪು ಹತ್ತುವುದು ಅವಳ ರೂಢಿ. ಅಡುಗೆಮನೆಯ ಬೀಗದ ಕೈ ನನ್ನಲ್ಲಿದೆ. ಸದ್ದಿಲ್ಲದೆ ಹೋಗಿ ಗುಂಡು ಬದಲಿಸಿ ಬಂದರೆ ಅವಳಿಗೆ ತಿಳಿಯುವುದೇ ಇಲ್ಲ, ಎಂದೆ.

“ಕೂಗದೆ ಒಳಗೆ ಹೋಗ್ತೀಯಾ? ಈ ಕಣಿವೇಲಿ? ತಲೆ ಕೆಟ್ಟಿದ್ಯೇನೋ ನಿಂಗೆ?”

ಅಂಗಳದಂಚಿನಲ್ಲಿ ನಿಂತು ‘ಹೋಯ್, ಮನೆಯವರೇ’ ಎಂದು ಕೂಗಬೇಕು. ಒಳಗಿನಿಂದ ಓಗೊಟ್ಟ ಮೇಲೆ ಮೆಟ್ಟಿಲು ಹತ್ತಬೇಕು. ಇಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ನನಗೆ ಕಿವಿ ಹಿಂಡಿ ಕಲಿಸಿದವಳು ಅಕ್ಕನೇ. ಆದರೆ ಮಲಗಿದವಳನ್ನು ಕೂಗಿ ಎಬ್ಬಿಸಿದರೆ ಹೋಗುವ ಕೆಲಸವಾದರೂ ಏನು?

ಜನವರಿ 22, ಗುರುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿನ್ನೆ ಸಂಜೆ ಹಿಮ. ಆಗಲೇ ಕತ್ತಲು. ಅಡುಗೆಮನೆಯಿಂದ ಒಳಹೋದೆ. ಟಿವಿಯಲ್ಲಿ ಯಾರೋ ನಗುತ್ತಿದ್ದರು. ಅಕ್ಕ ಕುರ್ಚಿಯಲ್ಲಿ, ಗದ್ದ ಎದೆಗೆ. ಪಕ್ಕದ ಪುಟ್ಟ ಮೇಜಿನ ಮೇಲೆ ಪಿಸ್ತೂಲು. ಕೈ ಚಾಚಿದೆ... ನೆಲದ ಹಲಗೆ ಕಿರ್ರೆಂದಿತು.

ಆ ಬೆರಳುಗಳು ಅಷ್ಟು ಚುರುಕಾಗಿದ್ದನ್ನು ನಾನು ಕಂಡಿರಲಿಲ್ಲ. ಬೆಳಕು ನನ್ನ ಬೆನ್ನಿಗಿತ್ತು. ಅವಳಿಗೆ ಕಂಡದ್ದು ಒಂದು ಟೋಪಿ, ಒಂದು ನೆರಳು. ನಳಿಗೆ ನನ್ನ ಎದೆಗೆ ನೇರ.

ಟಿಕ್.

“ಅಕ್ಕಾ — ನಾನು!”

“...ಆರ್ಲಿ?”

ಚಿಕ್ಕಂದಿನ ಹೆಸರು. ಪಿಸ್ತೂಲು ಅವಳ ಪಕ್ಕಕ್ಕೆ ಬಿತ್ತು. ಎದ್ದು ಬಂದು ಎರಡೂ ಕೈಯಲ್ಲಿ ನನ್ನ ಎದೆಗೆ ಗುದ್ದಿದಳು. “ಕೂಗ್ಬಾರ್ದೇನೋ! ಕೂಗ್ಬಾರ್ದಾ ಮುಂಡೇದೇ!” ಗುದ್ದುತ್ತಲೇ ಅತ್ತಳು. ಆಮೇಲೆ ತಟ್ಟನೆ ನಿಂತಳು.

“ಹಳದಿದು ಇತ್ತಲ್ವಾ ಒಳಗೆ? ಸಂಜೆ ಪ್ರಾಕ್ಟೀಸ್ ಮಾಡಿದ್ದೆ. ತೆಗೆಯೋಕೆ ಮರೆತಿರ್ತೀನಿ. ನೋಡು, ನೋಡೋ.”

ಪಿಸ್ತೂಲು ಕೈಗೆತ್ತಿಕೊಂಡು, ಅವಳಿಗೆ ಬೆನ್ನು ಮಾಡಿ ಕೀಲು ಒತ್ತಿದೆ, ನಳಿಗೆ ಎದ್ದಿತು. ಗುಂಡಿನ ಹಿತ್ತಾಳೆ ಹೊಳೆಯಿತು.

ಉಗುರಲ್ಲಿ ಮೀಟಿ ಗುಂಡನ್ನು ಮುಷ್ಟಿಯೊಳಗೆ ತೆಗೆದುಕೊಂಡೆ. “ಹೂಂ, ಹಳದಿದೇ. ಮರೆಗುಳಿ.”

ಅಕ್ಕ ಗೋಡೆಗೆ ಒರಗಿ ನಕ್ಕಳು. ನಗು ನಿಲ್ಲಿಸಲಾಗಲಿಲ್ಲ. ಯಾಕೆ ಬಂದೆ ಎಂದು ಕೇಳುವುದನ್ನೂ ಮರೆತಳು. ಇನ್ನೊಮ್ಮೆ ನೋಡಿ ಕೊಡುತ್ತೇನೆ ಎಂದು ಪಿಸ್ತೂಲು ತಂದುಬಿಟ್ಟೆ.

ಇವತ್ತು ಬೆಳಿಗ್ಗೆ ಆ ಗುಂಡನ್ನು ಭೂತಗನ್ನಡಿಯಲ್ಲಿ ನೋಡಿದೆ. ಅಂಚಿನಲ್ಲಿ ಆಳವಾದ ಏಟು, ಎಲ್ಲಿ ಬೀಳಬೇಕೋ ಅಲ್ಲೇ. ನನ್ನ ಕೆಲಸದಲ್ಲಿ ಲೋಪವಿರಲಿಲ್ಲ. ಗುಂಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅದೇ ಪಿಸ್ತೂಲಿಗಿಟ್ಟು ದಿಬ್ಬದ ಕಡೆ ಒತ್ತಿದೆ.

ಹಾರಿತು.

ಹಿಮದಲ್ಲೇ ಕುಳಿತುಬಿಟ್ಟೆ. ಕ್ಲೆಲ್ ಬಂದು ಎಬ್ಬಿಸಿದ. ಎಲ್ಲ ಕೇಳಿದ. ಮೊದಲ ಸಲ ಅವನೇ ನನಗೆ ಕಾಫಿ ಮಾಡಿಕೊಟ್ಟ.

ಜನವರಿ 24, ಶನಿವಾರ

ಅಂಗಡಿ ತೆರೆದಿಲ್ಲ.

ತಪ್ಪದೆ ಹಾರಲಿ ಎಂದು ಅಷ್ಟು ದುಡಿದೆ. ನಾನು ಬದುಕಿರುವುದು ಯಾರೋ ಎಲ್ಲೋ ಅರೆಬರೆ ಮಾಡಿದ ಕೆಲಸದಿಂದ. ಅದಕ್ಕೆ ದೇವರಿಗೆ ಕೈ ಮುಗಿಯಲೇ, ಕಾರ್ಖಾನೆಯನ್ನು ಬೈಯಲೇ? ಅದೇ ಮನೆಯೊಳಗೆ ನಿಜವಾದ ಕಳ್ಳ ಬಂದಿದ್ದರೆ? ಎರಡನ್ನೂ ಒಟ್ಟಿಗೆ ಯೋಚಿಸಲಾಗುತ್ತಿಲ್ಲ.

ಅಕ್ಕನಿಗೆ ಹೇಳಬೇಕೆ? ತಾನೇ ಸಾಕಿದ ತಮ್ಮನ ಎದೆಗೆ ನಿಜವಾದ ಗುಂಡು ಒತ್ತಿದೆ ಎಂದು ತಿಳಿದರೆ ಅವಳು ಇನ್ನು ಮಲಗುವುದುಂಟೆ?

ಕ್ಲೆಲ್ ಹೇಳಿದ, “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡ್ತಾರಂತೆ. ನೀನು ಹೇಳಿರೋದು ಒಂದೇ. ಅಕ್ಕನ ನಿದ್ದೆಗೆ. ಹಳದಿದು ಅಂತಲೇ ಇರ್ಲಿ ಬಿಡು.”

ಇರಲಿ ಎಂದುಕೊಂಡೆ.

ಜನವರಿ 25, ಭಾನುವಾರ

ಅಕ್ಕ ಚರ್ಚಿಗೆ ಬರಲಿಲ್ಲ. ಮನೆಗೆ ಬರುವಷ್ಟರಲ್ಲಿ ಫೋನ್.

“ಆರ್ಲಿ, ಆ ಹಳದಿದು... ಎಷ್ಟು ಕೊಟ್ಟಿದ್ದೆ ನೀನು?”

“ಎರಡು.”

“ಆವತ್ತು ಒಳಗಿದ್ದದ್ದನ್ನ ನೀನು ತಗೊಂಡು ಹೋದ್ಯಾ?”

“ಹೂಂ. ಜೇಬಲ್ಲೇ ಬಂದುಬಿಡ್ತು. ಯಾಕೆ?”

“ಏಪ್ರನ್ ಒಗೆಯೋಕೆ ಹಾಕ್ತಿದ್ದೆ. ಅದರ ಜೇಬಲ್ಲಿ...” ಮಾತು ಮುಗಿಸದೆ ಫೋನ್ ಇಟ್ಟಳು.

ಈಗ ಅವಳ ಗಾಡಿ ಬಂದು ನಿಂತಿದೆ. ಕಿಟಕಿಯಿಂದ ಕಾಣುತ್ತಿದ್ದಾಳೆ. ನನ್ನ ಮನೆಗೆ ಮಾತ್ರ ಎಂದೂ ಕೂಗದೆ ನೇರ ಒಳಗೆ ಬರುವವಳು ಅಂಗಳದಂಚಿನ ಹಿಮದಲ್ಲಿ ನಿಂತಿದ್ದಾಳೆ. ಬಲಗೈ ಬಿಚ್ಚಿ ಮುಂದೆ ಹಿಡಿದಿದ್ದಾಳೆ. ಅಂಗೈಯಲ್ಲಿ ಹಳದಿ ತುಂಡುಗಳು. ಎರಡೂ.

“ಹೋಯ್... ಮನೆಯವರೇ!”

ನಾನು ಓಗೊಡುವ ತನಕ ಮೆಟ್ಟಿಲು ಹತ್ತುವುದಿಲ್ಲ ಅವಳು. ಇನ್ನೊಮ್ಮೆ ಕೂಗಿದಳು. ಕೈ ಇನ್ನೂ ಹಾಗೇ ಚಾಚಿದೆ. ಚಳಿಗೆ ಬೆರಳು ನೋಯುತ್ತಿರಬೇಕು. ಹೋಗಿ ಬಾಗಿಲು ತೆಗೆದು, ಅಕ್ಕಾ, ಅದು ನಿಜವಾದ ಗುಂಡೇ, ಎಂದು ಹೇಳಿಬಿಡಬೇಕು.