ಸೋತ ಮೇಯರನ ಪತ್ರಗಳು

೨೨ ಸೆಪ್ಟೆಂಬರ್ ೨೦೦೮, ಸೋಮವಾರ

ಕೌನ್ಸಿಲ್ ಚುನಾವಣೆಯಲ್ಲಿ ಸೋತ ಮೇಲೆ ಇವರು ನನ್ನ ಜೊತೆಗೂ ಸರಿಯಾಗಿ ಮಾತಾಡಿಲ್ಲ. ನಾನು ಟೈಪಿಸ್ಟ್ ಆಗಿರುವ ಚಾಟ್ಸ್‌ವುಡ್ ಆಫೀಸಿನಲ್ಲಿ ಇವತ್ತು ಟೈಪ್ ಮಾಡಿದ್ದು ಅಮೆರಿಕದ ಪುಟ್ಟ ಊರೊಂದರ ಮೇಯರ್ ಹೈರಮ್ ಪೆಲ್‌ನ ಹಳೆಯ ಪತ್ರಗಳನ್ನು. ಮೇಯರ್ ಆಗಿದ್ದವನು ಮುಂದೆ ಶಾಸಕನಾದಾಗ, ೧೮೭೪ರಲ್ಲಿ, ಕಪ್ಪು ಮಕ್ಕಳಿಗೂ ಶಾಲೆ ತೆರೆಯಲು ಓಟು ಹಾಕಿದ. ಮುಂದಿನ ಸಲ ಊರೇ ಅವನನ್ನು ಸೋಲಿಸಿತು. ಸಂಜೆ ಮನೆಗೆ ಬರುವ ರೈಲಿನಲ್ಲಿ ಕಣ್ಣು ಮುಚ್ಚಿದರೆ, ನಮ್ಮ ಸ್ಟೇಷನ್ ಕ್ವೇಕರ್ಸ್ ಹಿಲ್‌ ಬರುವವರೆಗೂ ಕಣ್ಣೊಳಗೆ ಅವನ ಊರಿನ ಹಿಮ ಬೀಳುತ್ತಿತ್ತು. ಅದರೊಳಗೆ ಅವನೊಬ್ಬನೇ ಮನೆಗೆ ನಡೆದು ಹೋಗುತ್ತಿದ್ದ.

ಊಟಕ್ಕೆ ಕೂತಾಗ ಇವರಿಗೆ ಪೆಲ್‌ನ ಕಥೆ ಹೇಳಿದೆ.

"ಪುನಃ ಎಲೆಕ್ಷನ್‌ಗೆ ನಿಂತನಾ?"

"ಇಲ್ಲ. ಸಾಯುವವರೆಗೂ ಆ ಶಾಲೆಯ ಒಲೆಗೆ ತಾನೇ ಸೌದೆ ಒಡೆದು ಕೊಟ್ಟನಂತೆ."

ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ, "ನಮ್ಮ ಸ್ಕೂಲ್ ಹತ್ರ ಮಕ್ಕಳು ರಸ್ತೆ ದಾಟೋಕೆ ಕ್ರಾಸಿಂಗ್ ಬೇಕಲ್ಲ. ಕೌನ್ಸಿಲ್‌ಗೆ ನಾನೇ ಲೆಟರ್ ಬರೀತೇನೆ," ಅಂದರು.

ಪಕ್ಕದಲ್ಲಿ ಕೂತು ಬರೆಯುತ್ತಿದ್ದಾರೆ. ಪೆನ್ನಿನ ಸದ್ದಿಗೆ ನಿದ್ದೆ ಬಂದು ನನ್ನ ಕಣ್ಣು ಎಳೆಯುತ್ತಿದೆ, ಇನ್ನು ನಾಳೆ…