ಸೂತಕವಿಲ್ಲದ ಮನೆ

೧೯೧೭ ಡಿಸೆಂಬರ್ ೨೨

ನರ್ಮದೆ ನಾರಾಯಣ ಸ್ಮರಣೆ ಮಾಡುತ್ತ ಪ್ರಾಣ ಬಿಟ್ಟಳೆಂದು ಅವಳ ತಮ್ಮ ಬಿಂದುಮಾಧವ ನಮ್ಮ ವಾಡೆಯ ಮನೆಮನೆಗೂ ಹೇಳಿಹೋಗಿದ್ದಾನೆ. ಅದು ಸರಿಯಲ್ಲ. ಆಗ ಅವನು ಅಂಗಳದಲ್ಲಿದ್ದ. ಪ್ಲೇಗು ತಗುಲಿದವಳ ಕೋಣೆಯೊಳಗೆ ಇದ್ದವಳು ನಾನೊಬ್ಬಳೇ. ಅವಳ ಕಡೆಯ ಮಾತು ಇದು: "ಅಕ್ಕಾ, ಹೆಸರುಬ್ಯಾಳಿ ಹುರಿದಿಡ್ರಿ. ನಾಳಿ ಯಾರರೆ ಬರ್ತಾರ."

ಆಗಲಿ ಎಂದೆ.

ಒಂದೇ ಶಾಲೆಯಲ್ಲಿ ಕಲಿಸಿದೆವು. ಒಂದೇ ಬಿಡಾರದಲ್ಲಿ ಮುದುಕಿಯರಾದೆವು. ಆದರೆ ರಕ್ತಸಂಬಂಧವಿಲ್ಲ. ಬಿಂದುಮಾಧವನಿಗೆ ಸೂತಕವುಂಟು, ನನಗಿಲ್ಲ. ಪುರೋಹಿತರನ್ನು ಕೇಳಿದೆ. ಸ್ನಾನ ಮಾಡಿದರೆ ಸಾಕು ಎಂದರು.

ಸ್ನಾನ ಮಾಡಿದೆ.

ಡಿ. ೨೩

ಧನುರ್ಮಾಸ. ಕತ್ತಲಲ್ಲಿಯೇ ಎದ್ದು ಹೆಸರುಬೇಳೆಯ ಹುಗ್ಗಿ ಮಾಡಿ ನೈವೇದ್ಯವಿಡಬೇಕು. ಹೊರಗಿನವರು ಒಬ್ಬರಾದರೂ ಉಂಡ ಹೊರತು ತಾನುಣ್ಣಬಾರದು. ಸಂಕ್ರಾಂತಿಯವರೆಗೆ ಇದು ನರ್ಮದೆಯ ವ್ರತ. ಇಷ್ಟು ಚಳಿಯಲ್ಲಿ ದೇವರಿಗೆ ಹಸಿವೆಯಾಗುವುದೇ ಎಂದು ನಾನು ಕಂಬಳಿಯೊಳಗಿನಿಂದ ಕೇಳುತ್ತಿದ್ದೆ. ಅವಳು ಒಲೆ ಊದುತ್ತಿದ್ದಳು.

ಸೂತಕವಿಲ್ಲದ ಮೇಲೆ ವ್ರತ ನಿಲ್ಲಿಸಲು ನೆಪವೂ ಇಲ್ಲ. ಮಾಡಿದೆ. ಎಲೆ ಹಾಕಿ ಕಾದೆ.

ಮುನಿಸಿಪಾಲಿಟಿಯವರು ಔಷಧ ಹೊಡೆದು ಸುಣ್ಣ ಬಳಿದುಹೋದ ಮನೆ... ಯಾರು ಬಂದಾರು? ಹುಗ್ಗಿ ಹಸುವಿಗಾಯಿತು. ನಾನು ನೀರು ಕುಡಿದೆ.

ಡಿ. ೨೪

ಇಂದೂ ಯಾರೂ ಇಲ್ಲ. ಎದುರುಮನೆಯ ರಂಗೂಬಾಯಿ ಮೂಗಿಗೆ ಸೆರಗು ಹಿಡಿದು ಅಂಗಳದಾಚೆಯಿಂದಲೇ ಕೇಳಿದಳು:

"ಬಾಯಾರ, ದೇವರು ಅಂದ್ರ ನಗೋರು ನೀವು. ಈ ಹಟ ಯಾರ ಸಲುವಾಗಿರಿ?"

"ಒಳಗ ಬಂದು ಉಣ್ಣ್ರಿ, ಹೇಳ್ತೀನಿ."

"ಅದೊಂದು ಬ್ಯಾಡ್ರಿ" ಎಂದು ಬಾಗಿಲು ಹಾಕಿಕೊಂಡಳು. ಅವಳ ತಪ್ಪಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ.

ಡಿ. ೨೬

ನಿನ್ನೆ ಬರೆಯಲಾಗಲಿಲ್ಲ. ಅಕ್ಷರ ವಕ್ರವಾಗುತ್ತಿದೆ. ಒಲೆಯ ಮುಂದೆ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ಎದ್ದೆ.

ನರ್ಮದೆಯ ದೇವರೆದುರು ದೀಪ ಹಚ್ಚಿ, ತರಗತಿಯಲ್ಲಿ ಮಾತಾಡುವ ಧ್ವನಿಯಲ್ಲಿಯೇ ಹೇಳಿದೆ: ನಾನು ಬೇಡುವವಳಲ್ಲ. ಇದು ನನ್ನ ವ್ರತವೂ ಅಲ್ಲ, ಅವಳದು. ಒಬ್ಬರನ್ನು ಕಳಿಸು.

ಬೆಳಕು ಹರಿಯಿತು. ಯಾರೂ ಬರಲಿಲ್ಲ.

ಡಿ. ೨೭

ಕಾಶವ್ವ ಬಂದಳು.

ಅರಿವೆ ಅಂಗಡಿಯ ಸಿದ್ದಲಿಂಗಪ್ಪನ ಹೆಂಡತಿ. ಪ್ಲೇಗಿಗೆ ಅಂಜಿ ಅವರು ಊರ ಹೊರಗೆ ಹಡಪಸರದ ಹಾದಿಯ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾರೆ. ಅಲ್ಲಿಂದ ಕಂದೀಲು ಹಿಡಿದು, ಕತ್ತಲಲ್ಲಿ, ಒಬ್ಬಳೇ ನಡೆದು ಬಂದಿದ್ದಳು. ಗಂಡನಿಗೆ ಹೇಳಿಲ್ಲವಂತೆ. ಹೊಸ್ತಿಲಲ್ಲಿ ನಿಲ್ಲಲೂ ಇಲ್ಲ. ನೇರವಾಗಿ ಎಲೆಯ ಮುಂದೆ ಕುಳಿತಳು.

"ನರ್ಮದಾಬಾಯಾರು ಕರದಾಗ ಒಮ್ಮಿನೂ ಒಲ್ಲೆ ಅಂದಿಲ್ರಿ. ಈಗ ಕರ್ಯಾಕ ಅವರಿಲ್ಲಂತ ಬಿಡಾಕಾಗತೈತೇನ್ರಿ?"

ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದಳು. "ಉಪ್ಪು ಭಾಳ ಆಗೇತ್ರಿ ಬಾಯಾರ."

ಜನ್ಮವಿಡೀ ಇತರರನ್ನು ತಿದ್ದಿದವಳು ನಾನು. ಹೌದೆಂದು ತಲೆಯಾಡಿಸಿ ತುಪ್ಪ ಬಡಿಸಿದೆ. ಅವಳು ಎಲೆಯಲ್ಲಿ ಒಂದಗುಳೂ ಬಿಡಲಿಲ್ಲ.

ಆಮೇಲೆ ನಾನುಂಡೆ. ಅಳು ಬಂದದ್ದು ಆಗ. ಅದು ದುಃಖವೇ; ಬೇರೆ ಹೆಸರು ಕೊಡಲಾರೆ. ಆದರೆ ಅದರೊಳಗೆ ಉಪಕಾರ ಸ್ಮರಣೆಯೂ ಇತ್ತು. ಕಾಶವ್ವನಿಗೆ ಸಲ್ಲಬೇಕಾದದ್ದು ಸಂದ ಮೇಲೂ ಅದು ಉಳಿಯಿತು. ಉಳಿದದ್ದನ್ನು ಎಲ್ಲಿಡಬೇಕೆಂದು ತಿಳಿಯದೆ ದೀಪದ ಕಡೆಗೆ ತಿರುಗಿ ಕೈಮುಗಿದೆ.

೧೯೧೮ ಜನವರಿ ೧೩

ವ್ರತದ ಕಡೆಯ ಬೆಳಗು. ಚಳಿ ಹಾಗೆಯೇ ಇದೆ. ನರ್ಮದೆ ಇಲ್ಲವೆಂಬುದೂ ಹಾಗೆಯೇ ಇದೆ. ಕಡಿಮೆಯಾಗಲೆಂದು ನಾನು ಕೇಳಿಕೊಂಡಿಲ್ಲ. ನೈವೇದ್ಯದ ಹೊತ್ತಿಗೆ ಕಿಟಕಿ ಬಾಗಿಲು ಎಲ್ಲ ತೆರೆದಿಟ್ಟೆ.

ಹಾಜರಿದ್ದವರು: ಕಾಶವ್ವ. ಸಿದ್ದಲಿಂಗಪ್ಪ — ಹೆಂಡತಿಯನ್ನು ಬಯ್ದು ಕರೆದೊಯ್ಯಲು ಬಂದವನು, ಎರಡನೆಯ ಸಲ ಹಾಕಿಸಿಕೊಂಡ. ರಂಗೂಬಾಯಿ, ಹೊಸ್ತಿಲಾಚೆ ನಿಂತು, ಬಟ್ಟಲು ಚಾಚಿ. ನರ್ಮದೆಯ ಶಿಷ್ಯೆ ರಾಜೀವಿ, ಕಂಕುಳಲ್ಲಿ ಕೂಸು. ನಾನು. ಮತ್ತು — ದೀಪದ ಹಿಂದಿನ ಒಬ್ಬರು; ಅವರ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.